ಸೋಮವಾರದ ಕಾಣೆ ಮೀನು

ಇವತ್ತು ಸೋಮವಾರ. ನಮ್ಮ ಮಹಡಿಯ ಬಾಡಿಗೆಯವರ ಮನೆಯಲ್ಲಿ ಎಣ್ಣೆಯಲ್ಲಿ ಮೀನು ಕಾಯಿಸುತ್ತಿದ್ದಾರೆ. ಅವರ ಮನೆ, ಅವರ ಮೀನು, ಅವರಿಗೆ ನಮ್ಮ ಹಾಗೆ ಸೋಮವಾರದ ಕಟ್ಟುಪಾಡಿಲ್ಲ, ನನ್ನದೇನೂ ತಕರಾರಿಲ್ಲ. ಆದರೆ ಕಿಟಕಿಯಿಂದ ಇಳಿದು ಬಂದ ವಾಸನೆ ಕಾಣೆ ಮೀನಿನದು ಎಂದು ಮೂಗಿಗೆ ತಿಳಿದ ಕೂಡಲೇ ಸೌತೆಕಾಯಿ ಹೆಚ್ಚುತ್ತಿದ್ದ ನನ್ನ ಕೈ ನಿಂತಿತು. ಮೀನಿನ ವಾಸನೆಗೆ ಹೆದರುವ ಕುಂದಾಪುರದ ಹೆಂಗಸು ಬಹುಶಃ ನಾನೊಬ್ಬಳೇ. ಅದೂ ಇಪ್ಪತ್ತು ವರ್ಷಗಳಿಂದ, ವಾರಕ್ಕೆ ಒಂದೇ ದಿನ.

ಒಳಕೋಣೆಯಲ್ಲಿ ಮಗಳು ಅಕ್ಷತಾ ಮಂಚದ ಮೇಲೆ ಕಾಲು ಚಾಚಿ, ಮೊಬೈಲಿನಲ್ಲಿ ಸಿನಿಮಾ ನೋಡುತ್ತ ಬಿದ್ದು ಬಿದ್ದು ನಗುತ್ತಿದ್ದಾಳೆ. ಮದುವೆಯಾದ ಮೇಲಿನ ಮೊದಲ ಆಸಾಡಿ; ಪದ್ಧತಿಯ ಪ್ರಕಾರ ಈ ಒಂದು ತಿಂಗಳು ಗಂಡನ ಮನೆ ಬಿಟ್ಟು ತವರಿನಲ್ಲಿ ಇರಲು ಬಂದಿದ್ದಾಳೆ. ಅವಳ ಗಂಡನಿಗೆ ಬೈಂದೂರಿನಲ್ಲಿ ಮೊಬೈಲ್ ಅಂಗಡಿ. ಅವಳು ನೋಡುತ್ತಿರುವ ಸಿನಿಮಾ ಏನೆಂದರೆ, ಒಬ್ಬ ಗಂಡ ಹೆಂಡತಿಗೆ ಮೀಟಿಂಗ್ ಎಂದು ಸುಳ್ಳು ಹೇಳಿ ಗೆಳತಿಯ ಜೊತೆ ರೆಸಾರ್ಟಿಗೆ ಹೋಗುತ್ತಾನೆ, ಅಲ್ಲಿಗೇ ಹೆಂಡತಿಯೂ ಬರುತ್ತಾಳೆ, ಇವನು ಟವೆಲ್ಲು ಸುತ್ತಿಕೊಂಡು ಒಂದು ಬಾಲ್ಕನಿಯಿಂದ ಇನ್ನೊಂದಕ್ಕೆ ಹಾರುತ್ತಾನೆ.

"ಅಮ್ಮಾ, ಬಾ ಕಾಣ್, ಈ ಗಂಡ್ಸಿನ ಅವಸ್ಥೆ" ಎಂದು ಕರೆದಳು. "ನೀ ಎಂತಕ್ಕೆ ನಗಾಡುದೇ ಇಲ್ಲೆ ಈಗೀಗ?"

ಯಾಕೆಂದು ನಿಮಗೆ ಹೇಳುತ್ತೇನೆ, ಅವಳಿಗೆ ಹೇಳಲು ಇನ್ನೂ ಬಾಯಿ ಬಂದಿಲ್ಲ. ಹೋದ ಗುರುವಾರ ಕಿರಿಮಂಜೇಶ್ವರದಲ್ಲಿರುವ ಚಿಕ್ಕಮ್ಮನನ್ನು ನೋಡಲು ಬಸ್ಸಿನಲ್ಲಿ ಹೋಗುತ್ತಿದ್ದೆ. ತ್ರಾಸಿಯಲ್ಲಿ ಬಸ್ಸು ನಿಂತಿತು. ಮಳೆ ಸ್ವಲ್ಪ ಬಿಟ್ಟಿತ್ತು. ಕಡಲಿನ ಬದಿಯ ಅಂಗಡಿಯ ಮುಂದೆ ಅಳಿಯನ ಬೈಕು, ಬೈಕಿಗೆ ಒರಗಿಕೊಂಡು ಅಳಿಯ, ಅವನ ಪಕ್ಕದಲ್ಲಿ ನನಗೆ ಗುರುತಿಲ್ಲದ ಒಂದು ಹುಡುಗಿ. ಇಬ್ಬರೂ ಒಂದೇ ಕಪ್ಪಿನಿಂದ ಐಸ್‌ಕ್ರೀಮ್ ತಿನ್ನುತ್ತಿದ್ದರು. ಅವನ ಗಲ್ಲಕ್ಕೆ ಅಂಟಿದ್ದನ್ನು ಅವಳು ತನ್ನ ಶಾಲಿನ ತುದಿಯಿಂದ ಒರೆಸಿದಳು. ಕಂಡಕ್ಟರ್ ಸೀಟಿ ಊದಿದ, ಬಸ್ಸು ಹೊರಟಿತು, ನಾನು ಕಿರಿಮಂಜೇಶ್ವರದಲ್ಲಿ ಇಳಿಯುವುದನ್ನೂ ಮರೆತು ಮುಂದಿನ ಸ್ಟಾಪಿನವರೆಗೆ ಹೋದೆ.

ತಂಗಿಯಿರಬಹುದು, ಅಂಗಡಿಯಲ್ಲಿ ಕೆಲಸ ಮಾಡುವವಳಿರಬಹುದು ಎಂದು ನೀವು ಸಮಾಧಾನ ಹೇಳಬಹುದು. ಮದುವೆಯಲ್ಲಿ ಅವನ ಅಕ್ಕತಂಗಿಯರಿಗೆಲ್ಲ ಕೈಯಾರೆ ಮಲ್ಲಿಗೆ ಮುಡಿಸಿದವಳು ನಾನು. ಇವಳು ಅವರಲ್ಲಿ ಯಾರೂ ಅಲ್ಲ. ಮತ್ತೆ ಆಸಾಡಿಯ ಚಳಿಯಲ್ಲಿ, ಕಡಲ ಗಾಳಿಗೆ ಎದುರು ನಿಂತು, ಸಂಬಳ ಕೊಡುವ ಯಜಮಾನನ ಜೊತೆ ಯಾರು ಐಸ್‌ಕ್ರೀಮ್ ತಿನ್ನುತ್ತಾರೆ? ಇದೆಲ್ಲ ದೊಡ್ಡ ಸಾಕ್ಷಿಯಲ್ಲ ಎಂದು ನನಗೂ ಗೊತ್ತು. ಆದರೆ ಇದಕ್ಕಿಂತ ಸಣ್ಣ ಸಾಕ್ಷಿಯಿಂದ ನಾನು ಒಂದು ಸಲ ನಿಜವನ್ನು ಕಂಡಿದ್ದೇನೆ. ಆ ಸಾಕ್ಷಿಯೇ ಕಾಣೆ ಮೀನು. ಅದನ್ನು ತಂದುಕೊಟ್ಟವಳು ಗುಲಾಬಿ ಅಕ್ಕ.

ಗುಲಾಬಿ ಅಕ್ಕ ಕಡಲ ಬದಿಯ ಕೋಡಿಯ ಮೀನಿನವಳು. ಬೆಳಿಗ್ಗೆ ಹತ್ತೂವರೆಗೆ ಸರಿಯಾಗಿ ನಮ್ಮ ಗೇಟಿನ ಹತ್ತಿರ "ಹ್ವಾಯ್, ಮೀನ್ ಬೇಕಾ?" ಎನ್ನುವ ಸ್ವರ ಕೇಳುತ್ತಿತ್ತು. ಬುಟ್ಟಿಯನ್ನು ಜಗುಲಿಯ ಮೇಲೆ ಇಳಿಸಿ, ಸೆರಗಿನಿಂದ ಮುಖ ಒರೆಸಿಕೊಂಡು, ಒಂದು ಲೋಟ ನೀರು ಕುಡಿದು, ಆಮೇಲೆ ಕಿಟಕಿಯ ಸರಳು ಹಿಡಿದು ನಿಂತರೆ ಅವಳ ಕಣ್ಣು ನಮ್ಮ ಟಿವಿಯ ಮೇಲೆ. ಒಳಗೆ ಬಾ ಎಂದರೆ ಬರುತ್ತಿರಲಿಲ್ಲ. "ಮೈಯೆಲ್ಲ ಮೀನ್ ನೀರ್, ಬ್ಯಾಡ" ಎನ್ನುತ್ತಿದ್ದಳು. ಆ ಹೊತ್ತಿಗೆ ಕೇಬಲ್ಲಿನಲ್ಲಿ ದಿನಕ್ಕೊಂದು ಸಿನಿಮಾ ಹಾಕುತ್ತಿದ್ದರು. ಹತ್ತರಲ್ಲಿ ಆರು ಎರಡು ಸಂಸಾರದ ಗಂಡನ ಕಥೆ. ಒಬ್ಬಳು ಬಂದಾಗ ಇನ್ನೊಬ್ಬಳು ಮಂಚದ ಅಡಿಯಲ್ಲಿ, ಮಾವ ಬಂದಾಗ ಗಂಡನೇ ಅಟ್ಟದಲ್ಲಿ, ಕೊನೆಗೆ ಎಲ್ಲರೂ ಸಾಲಾಗಿ ನಿಂತು ಫೋಟೋ ತೆಗೆಸಿಕೊಂಡು ಶುಭಂ. ನಾನು ಒಳಗೆ ನಗುವುದು, ಅವಳು ಹೊರಗೆ ನಗುವುದು, ನಡುವೆ ಬುಟ್ಟಿಯ ಬಂಗುಡೆಗೆ ಬೆಕ್ಕು ಬಾಯಿ ಹಾಕಿದರೂ ಇಬ್ಬರಿಗೂ ಗೊತ್ತಾಗುತ್ತಿರಲಿಲ್ಲ.

ಒಮ್ಮೆ ಸಿನಿಮಾದ ಗಂಡ ಇಬ್ಬರಿಗೂ ಒಂದೇ ಬಣ್ಣದ ಸೀರೆ ತಂದು ಸಿಕ್ಕಿಬಿದ್ದ. ಗುಲಾಬಿ ಅಕ್ಕ ತಲೆಯಾಡಿಸಿದಳು.

"ಇವ್ರಿಗೆಲ್ಲ ಸೀರಿ, ಲಿಪ್‌ಸ್ಟಿಕ್ಕಿಂದ ಗೊತ್ತಾಪುದ್ ಅಮ್ಮ. ನಮ್ ಊರಂಗೆ ಆದ್ರೆ ಮೀನೇ ಸಾಕ್."

ಅದು ಹೇಗೆ ಎಂದು ಕೇಳಿದೆ. ಹೇಳಲಿಲ್ಲ. ಮನೆಮನೆಗೆ ಮೀನು ಕೊಡುವ ಹೆಂಗಸರಿಗೆ ಒಂದು ಕಟ್ಟುನಿಟ್ಟಿದೆ: ಯಾರ ಮನೆಗೆ ಯಾವ ಮೀನು ಹೋಯಿತು ಎಂದು ಇನ್ನೊಂದು ಮನೆಯಲ್ಲಿ ಬಾಯಿ ಬಿಡಬಾರದು. ಯಾರ ಸೊಸೆಗೆ ಜ್ವರವೋ, ಯಾರು ಬಾಣಂತಿಯೋ, ಯಾವ ಮನೆಯಲ್ಲಿ ಈ ವಾರ ಬರೀ ಸಣ್ಣ ಮೀನೋ, ಎಲ್ಲ ಅವರಿಗೆ ಗೊತ್ತಿರುತ್ತದೆ. ಬಾಯಿ ಬಿಟ್ಟರೆ ನಾಳೆ ಯಾರೂ ಬಾಗಿಲು ತೆರೆಯುವುದಿಲ್ಲ. ಇನ್ನೊಂದು ಕಟ್ಟುನಿಟ್ಟು ನಮ್ಮದು, ಕೊಳ್ಳುವವರದು: ಖಾಯಂ ಕೊಡುವವಳನ್ನು ಬಿಟ್ಟು ಬೇರೆಯವಳ ಹತ್ತಿರ ಮೀನು ತೆಗೆದುಕೊಳ್ಳಬಾರದು. ತೆಗೆದುಕೊಂಡರೆ ಮಾರ್ಕೆಟ್ಟಿನ ನಡುವೆಯೇ ಮರ್ಯಾದೆ ಹೋಗುತ್ತದೆ.

ಇವೆರಡನ್ನೂ ಪೂರ್ತಿಯಾಗಿ ನಂಬಿದವರು ನಮ್ಮ ಮನೆಯವರು.

ಇವರದು ಪಂಪ್ ರಿಪೇರಿಯ ಕೆಲಸ. ಬ್ರಹ್ಮಾವರದಿಂದ ಬೈಂದೂರಿನವರೆಗೆ ಯಾರ ಬಾವಿಯ ಪಂಪ್ ನಿಂತರೂ ಸ್ಕೂಟರಿನಲ್ಲಿ ಹೊರಡುತ್ತಿದ್ದರು. ಗಂಡಸರು ಕೆಲಸಕ್ಕೆ ಹೋದ ಹೊತ್ತಿನಲ್ಲಿ ಯಾವ ಮನೆಯ ಅಂಗಳಕ್ಕಾದರೂ ಹೋಗುವ ಹಕ್ಕು ಊರಿನಲ್ಲಿ ಇರುವುದು ಇಬ್ಬರಿಗೆ, ಮೀನಿನವಳಿಗೆ ಮತ್ತು ಪಂಪಿನವನಿಗೆ. ಇದು ನನಗೆ ಆಗ ಹೊಳೆದಿರಲಿಲ್ಲ. ಹಂಗಾರಕಟ್ಟೆಯ ಕಡೆ ಒಂದು ಮನೆಯ ಪಂಪು ಪದೇ ಪದೇ ಕೆಡುತ್ತಿತ್ತು. ಉಪ್ಪು ನೀರಿಗೆ ಬೇಗ ತುಕ್ಕು ಹಿಡಿಯುತ್ತದೆ ಎಂದು ಇವರು ಹೇಳಿದ್ದನ್ನು ನಾನು ನಂಬಿದ್ದೆ. ಪಾಪ, ಆ ಮನೆಯವರಿಗೆ ಹೊಸ ಪಂಪೇ ಹಾಕಿಕೊಡಿ ಎಂದು ಸಲಹೆಯನ್ನೂ ಕೊಟ್ಟಿದ್ದೆ. ನನ್ನ ಬುದ್ಧಿಯ ಅಳತೆ ನಿಮಗೆ ಸಿಕ್ಕಿರಬೇಕು.

ಒಂದು ಬುಧವಾರ ಗುಲಾಬಿ ಅಕ್ಕ ಬುಟ್ಟಿ ಇಳಿಸಿ, ನೀರು ಕುಡಿದು, ಲೋಟ ಕೆಳಗಿಟ್ಟು ಕೇಳಿದಳು.

"ಸೋಮಾರದ್ ಕಾಣೆ ಮೀನ್ ಹೆಂಗಿತ್ತ್ ಅಮ್ಮ?"

"ಯಾವ ಕಾಣೆ ಮೀನ್?" ಎಂದೆ.

ಅವಳು ನನ್ನ ಮುಖ ನೋಡಿದಳು. "ಅಯ್ಯ, ಬೇರೆಯವ್ರಿಗೆ ಕೊಟ್ಟದ್ದಾ ಏನೋ, ನಂಗೆ ಮರುಳ್" ಎಂದು ಬುಟ್ಟಿ ಎತ್ತಿಕೊಂಡು ಹೊರಟಳು. ಆ ದಿನ ಟಿವಿಯ ಕಡೆ ತಿರುಗಿಯೂ ನೋಡಲಿಲ್ಲ.

ನಮ್ಮ ಮನೆಯಲ್ಲಿ ಸೋಮವಾರ ಮೀನಿಲ್ಲ. ನಾನು ಮದುವೆಯಾಗಿ ಬಂದಂದಿನಿಂದ ಇಲ್ಲ. ಅದು ಗುಲಾಬಿ ಅಕ್ಕನಿಗೆ ನನಗಿಂತ ಚೆನ್ನಾಗಿ ಗೊತ್ತು. ನಾನು ಕೊಂಡಿಲ್ಲವೆಂದರೆ ಅವಳಿಂದ ಕೊಂಡವರು ಇವರೇ. ಹಾಗಾದರೆ ಆ ಮೀನು ಎಲ್ಲಿಗೆ ಹೋಯಿತು? ಅದರಲ್ಲೂ ಕಾಣೆ ಮೀನು. ಬಾಣಂತಿಗೆ, ಕಾಯಿಲೆಯಿಂದ ಎದ್ದವರಿಗೆ, ಮುಳ್ಳು ಬಿಡಿಸಲಾರದ ಮಕ್ಕಳಿಗೆ ಕೊಡುವ ಮೀನು. ಬಾಗಿಲಲ್ಲಿ ನಿಂತ ಅಷ್ಟು ಹೊತ್ತಿಗೆ ನನ್ನ ತಲೆಯೊಳಗೆ ಒಂದು ಮನೆ ಎದ್ದಿತ್ತು, ಆ ಮನೆಯಲ್ಲಿ ಒಬ್ಬಳು ಬಾಣಂತಿ, ತೊಟ್ಟಿಲಲ್ಲಿ ಇವರದೇ ಮೂಗಿನ ಒಂದು ಮಗು. ಮಂಗಳವಾರ, ಬುಧವಾರ ಯಾವುದಾದರೂ ಆಗಿದ್ದರೆ ಮರೆತು ಎಲ್ಲೋ ಬಿಟ್ಟರು ಎಂದುಕೊಳ್ಳಬಹುದಿತ್ತು. ಸೋಮವಾರ ಎಂಬುದಕ್ಕೆ ಯಾವ ಸಮಾಧಾನವೂ ಸಿಗಲಿಲ್ಲ.

ಅಷ್ಟೊಂದು ಸಿನಿಮಾ ನೋಡಿದ್ದೆನಲ್ಲ, ಒಂದೂ ಉಪಯೋಗಕ್ಕೆ ಬರಲಿಲ್ಲ. ಸಿನಿಮಾದ ಹೆಂಡತಿ ಕಪ್ಪು ಕನ್ನಡಕ ಹಾಕಿ ಆಟೋ ಹತ್ತಿ ಗಂಡನ ಬೆನ್ನು ಹತ್ತುತ್ತಾಳೆ. ಕುಂದಾಪುರದ ಆಟೋದವರೆಲ್ಲ ಇವರ ಗುರುತಿನವರು. ನಾನು ಕೂತ ಎರಡು ನಿಮಿಷಕ್ಕೆ ಇವರಿಗೇ ಫೋನು ಹೋಗುತ್ತಿತ್ತು. ಧಾರಾವಾಹಿಯ ಹೆಂಡತಿ ರೇಷ್ಮೆ ಸೀರೆಯಲ್ಲಿ ದೇವರ ಕೋಣೆಯ ಮುಂದೆ ಅಳುತ್ತಾಳೆ. ನನಗೆ ಅಳುವೂ ಬರಲಿಲ್ಲ. ಬಂದದ್ದು ಹೆದರಿಕೆ, ಬರೀ ಹೆದರಿಕೆ. ಕೇಳಿದರೆ "ಹೌದು" ಎಂದುಬಿಡುತ್ತಾರೋ ಎಂಬ ಹೆದರಿಕೆ. ಒಂದನೇ ಕ್ಲಾಸಿನ ಮಗಳ ಕೈ ಹಿಡಿದು ತವರಿನ ಬಾಗಿಲು ತಟ್ಟಬೇಕಾದೀತು ಎಂಬ ಹೆದರಿಕೆ. ಸ್ಕೂಟರಿನ ಡಿಕ್ಕಿ ತೆರೆದು ನೋಡಿದೆ. ಸ್ಪ್ಯಾನರುಗಳ ನಡುವೆ ನಾಲ್ಕು ಮೀನಿನ ಪರೆ ಒಣಗಿ ಅಂಟಿಕೊಂಡಿದ್ದವು. ಉಗುರಿನಿಂದ ಕೆರೆದು ತೆಗೆದು, ಸೋಪು ಹಾಕಿ ಡಿಕ್ಕಿ ತೊಳೆದೆ. ಯಾಕೆ ತೊಳೆದೆ ಎಂದು ಕೇಳಬೇಡಿ, ಇವತ್ತಿಗೂ ನನಗೆ ಗೊತ್ತಿಲ್ಲ.

ಮುಂದಿನ ಸೋಮವಾರ ಗುಲಾಬಿ ಅಕ್ಕ ನಮ್ಮ ಗೇಟು ದಾಟಿ ಹೋಗುತ್ತಿದ್ದಾಗ ನಾನೇ ಕರೆದೆ.

"ಕಾಣೆ ಮೀನ್ ಇತ್ತಾ?"

ಸೋಮವಾರ ಯಾಕೆ ಎಂದು ಅವಳು ಕೇಳಲಿಲ್ಲ. ಬುಟ್ಟಿಯ ಅಡಿಯಿಂದ ಇದ್ದುದರಲ್ಲಿ ದೊಡ್ಡ ನಾಲ್ಕು ಮೀನು ಆರಿಸಿ ಕೊಟ್ಟಳು. ದೇವರ ಕೋಣೆಯ ಬಾಗಿಲು ಮುಚ್ಚಿ, ತಪ್ಪಾಯಿತು ಎಂದು ಹೊರಗಿನಿಂದಲೇ ಕೈ ಮುಗಿದು, ಮೆಣಸು ಅರೆದು ಮೀನು ಕಾಯಿಸಿದೆ. ಇವರು ಎರಡು ಗಂಟೆಗೆ ಊಟಕ್ಕೆ ಬಂದರು. ಹೊಟ್ಟೆ ತುಂಬಿದೆ, ಸ್ವಲ್ಪ ಸಾಕು ಎಂದರು. ಅನ್ನ ಬಡಿಸಿ, ಪಕ್ಕಕ್ಕೆ ಎರಡು ಮೀನು ಇಟ್ಟೆ.

ಇವರ ಕೈ ಬಟ್ಟಲಿನ ಅಂಚಿನಲ್ಲಿ ನಿಂತಿತು. "ಇವತ್ತ್ ಸೋಮಾರ ಅಲ್ದಾ?"

"ಹೌದ್. ನೀವ್ ಸೋಮಾರವೂ ತಿಂತ್ರಿ ಅಲ್ದಾ?"

ಅಷ್ಟೇ. ಇಪ್ಪತ್ತು ವರ್ಷಗಳಲ್ಲಿ ಆ ವಿಷಯಕ್ಕೆ ನಮ್ಮ ನಡುವೆ ನಡೆದ ಮಾತು ಅಷ್ಟೇ. ಇವರು ತಲೆ ತಗ್ಗಿಸಿ ಎರಡೂ ಮೀನು ತಿಂದರು. ನಡುವಿನ ಮುಳ್ಳು ಎತ್ತಿ ಬಟ್ಟಲಿನ ಅಂಚಿಗಿಟ್ಟರು. ನಾನು ಇನ್ನೊಂದು ಸೌಟು ಅನ್ನ ಹಾಕಿದೆ. ಆಮೇಲಿನ ಸೋಮವಾರಗಳಲ್ಲಿ ಹಂಗಾರಕಟ್ಟೆಯ ಆ ಪಂಪು ಕೆಡಲಿಲ್ಲ. ಬಾಣಂತಿ ಇದ್ದಳೋ, ಮಗು ಇತ್ತೋ, ಅವಳಾದರೂ ಯಾರು, ನನಗೆ ಗೊತ್ತಾಗಲಿಲ್ಲ. ನಾನು ಗೊತ್ತು ಮಾಡಿಕೊಳ್ಳಲಿಲ್ಲ. ಸಂಸಾರ ಉಳಿಯಿತು ಎಂದು ನೀವು ಹೇಳಬಹುದು. ಉಳಿಯಿತು, ನಿಜ. ಇವರು ಒಳ್ಳೆಯವರೇ, ನನ್ನ ಆಪರೇಷನ್ ಆದಾಗ ಹದಿನೈದು ದಿನ ನನ್ನ ತಲೆ ಬಾಚಿದವರು. ಆದರೂ ಸೋಮವಾರ ಮಧ್ಯಾಹ್ನ ಸ್ಕೂಟರಿನ ಸದ್ದು ಹತ್ತು ನಿಮಿಷ ತಡವಾದರೆ ಕೈಯಲ್ಲಿದ್ದ ಕೆಲಸ ಬಿಟ್ಟು ಗೇಟಿನ ಹತ್ತಿರ ಹೋಗಿ ನಿಲ್ಲುತ್ತೇನೆ.

ಮೊನ್ನೆ ಶನಿವಾರ ಕೋಡಿಗೆ ಹೋಗಿ ಬಂದೆ. ಗುಲಾಬಿ ಅಕ್ಕ ಬುಟ್ಟಿ ಇಳಿಸಿ ಎಂಟು ವರ್ಷವಾಯಿತು. ಮೊಣಕಾಲು ಊದಿ ಹೊರಗೆ ಕುರ್ಚಿ ಹಾಕಿಕೊಂಡು ಕೂತಿದ್ದಳು. ಅಳಿಯನ ವಿಷಯ ಎತ್ತಲಿಲ್ಲ. ಆಸಾಡಿಯಲ್ಲಿ ದೋಣಿ ಕಡಲಿಗಿಳಿಯುವುದಿಲ್ಲ, ಸಿಕ್ಕ ಹೊಳೆ ಮೀನಿಗೂ ಚಿನ್ನದ ಬೆಲೆ ಎಂದೆಲ್ಲ ಮಾತಾಡಿ, ಏಳುವ ಹೊತ್ತಿಗೆ ಕೇಳಿದೆ, ಅವತ್ತು ನಿನ್ನ ಬಾಯಿ ಹೇಗೆ ಜಾರಿತು ಗುಲಾಬಿ ಅಕ್ಕ, ಎಂದು.

ಅವಳಿಗೆ ಯಾವತ್ತು ಎಂದು ಬಿಡಿಸಿ ಹೇಳಬೇಕಾಗಲಿಲ್ಲ.

"ಜಾರ್ದ್ದಲ್ಲ ಅಮ್ಮ. ನಲ್ವತ್ತ್ ವರ್ಷ ಮೀನ್ ಮಾರಿದೆ. ನನ್ ಬಾಯ್ ಒಂದ್ ದಿನವೂ ಜಾರ್ಲಿಲ್ಲ."

ಅವಳು ಮೊಣಕಾಲು ನೀವಿಕೊಳ್ಳುತ್ತ ಹೇಳಿದಳು. "ನಮ್ ಮನಿಯವ್ರ್ ಬೋಟಂಗೆ ರತ್ನಾಗಿರಿಗೆ ಹೋತಿದ್ರ್. ಅಲ್ಲೊಂದ್ ಮನಿ ಇತ್ತ್. ಬೋಟಿನವ್ರಿಗೆಲ್ಲ ಗೊತ್ತಿತ್ತ್, ಮಾರ್ಕೆಟ್ಟಿನ ಹೆಂಗ್ಸ್ರಿಗೆಲ್ಲ ಗೊತ್ತಿತ್ತ್. ಏಳ್ ವರ್ಷ. ನಂಗೊಬ್ಳಿಗೆ ಗೊತ್ತಿಲ್ಲೆ. ದಿನಾ ಅವ್ರೊಟ್ಟಿಗೇ ಕೂಕಂಡ್ ಮೀನ್ ಮಾರ್ತಿದ್ದೆ, ನಗಾಡ್ತಿದ್ದೆ. ಒಬ್ಳಾರೂ ಬಾಯ್ ಜಾರ್ಸಿದ್ರೆ ಆತಿತ್ತ್."

ನಮ್ಮ ಕಿಟಕಿಯ ಸರಳು ಹಿಡಿದು ಎರಡು ಹೆಂಡಿರ ಸಿನಿಮಾಕ್ಕೆ ನಗುತ್ತಿದ್ದವಳು ಇವಳೇ. ನನಗೆ ಅವಳ ಮುಖ ನೋಡಲಾಗಲಿಲ್ಲ. ಹೋಗಿ ಬತ್ತೆ ಎಂದು ಹೇಳಿ ಬಂದೆ.

ಈಗ ಮೀನಿನ ವಾಸನೆ ಅಡುಗೆಮನೆ ತುಂಬ ನಿಂತಿದೆ. ಇವರು ಜಗುಲಿಯಲ್ಲಿ ಯಾರದೋ ಪಂಪ್ ಬಿಚ್ಚಿಕೊಂಡು ಕೂತಿದ್ದಾರೆ. ಒಳಗೆ ಸಿನಿಮಾದ ಗಂಡ ಇನ್ನೂ ಬಾಲ್ಕನಿ ಹಾರುತ್ತಿರಬೇಕು, ಮಗಳ ನಗು ಕೇಳುತ್ತಿದೆ. ನಾನು ಕತ್ತಿ ಕೆಳಗಿಟ್ಟು ಕೈ ತೊಳೆದೆ. ಒಂದು ಲೋಟ ನೀರು ಕುಡಿದೆ. ನಾನು ಕಂಡದ್ದು ಸುಳ್ಳಾಗಿರಲಿ ದೇವರೇ ಎಂದು ಬೇಡಿಕೊಂಡೆ. ಆಮೇಲೆ ಕೋಣೆಯ ಬಾಗಿಲಿಗೆ ಹೋಗಿ ನಿಂತೆ.

"ಗುರುವಾರ ತ್ರಾಸಿಯಂಗೆ ತಿಂದ ಐಸ್‌ಕ್ರೀಮ್ ಹೆಂಗಿತ್ತ್ ಮಗಾ?"

ಅಕ್ಷತಾ ನಗುತ್ತಲೇ ತಲೆ ಎತ್ತಿದಳು. "ನಾನಾ? ನಾನ್ ಇಲ್ಲೇ ಇದ್ದೆ ಅಲ್ದಾ ಅಮ್ಮ? ಯಾವ ಐಸ್‌ಕ್ರೀಮ್?"

ಜಗುಲಿಯಲ್ಲಿ ಸ್ಪ್ಯಾನರಿನ ಸದ್ದು ನಿಂತಿತು. ಮಗಳು ನನ್ನ ಮುಖವನ್ನೇ ನೋಡುತ್ತ, ಬೆರಳಿನಿಂದ ತಡಕಿ ಸಿನಿಮಾ ನಿಲ್ಲಿಸಿದಳು. ಅಂದು ಗುಲಾಬಿ ಅಕ್ಕನಿಗೆ ಎತ್ತಿಕೊಂಡು ಹೊರಡಲು ಬುಟ್ಟಿ ಇತ್ತು. ನನಗೆ ಇರಲಿಲ್ಲ. ನಾನು ಹೋಗಿ ಮಂಚದ ಮೇಲೆ ಅವಳ ಪಕ್ಕದಲ್ಲಿ ಕೂತೆ.