ತಾನಾಗಿ ಫೋನಿಡದ ರಜಿಯಾ ಅಕ್ಕ

ರಜಿಯಾ ಅಕ್ಕ ಯಾವತ್ತೂ ತಾನಾಗಿ ಫೋನಿಟ್ಟವಳಲ್ಲ. ಮಾತು ಮುಗಿದು ಆಚೆಯವರು ಕರೆ ಕಡಿಯಲು ಮರೆತು ಫೋನ್ ಕೆಳಗಿಟ್ಟರೂ, ಅವರ ಮನೆಯ ಕುಕ್ಕರ್ ಕೂಗುವುದನ್ನು ಕೇಳುತ್ತ ಕೂತಿರುವಳು. "ನಾವಾಗೇ ಇಟ್ರ ಮಂದಿ ಮಾರಿ ಮ್ಯಾಲ ಬಾಗಲಾ ಹಾಕಿದಂಗ ಆಕ್ಕೈತಿ," ಎನ್ನುವಳು. ಸವಣೂರಿನ ವೀಳ್ಯದೆಲೆ ವ್ಯಾಪಾರಿಯ ಮಗಳು. ಬಂದವರು ಏಳುವ ತನಕ ತಾವು ಏಳಬಾರದೆಂಬುದು ಅವರ ಮನೆಯ ರೀತಿ.

ಶಿಗ್ಗಾವಿಯಲ್ಲಿ ನಮ್ಮಿಬ್ಬರದೊಂದು ಪುಟ್ಟ ಸಾಫ್ಟ್‌ವೇರ್ ಕಚೇರಿ. ಹಾವು ಕಚ್ಚಿದವರಿಗೆ ಕೊಡುವ ಔಷಧ ಯಾವ ಊರಿನ ದವಾಖಾನೆಯಲ್ಲಿದೆ ಎಂದು ತೋರಿಸುವ ಆ್ಯಪ್ ಮಾಡಿದ್ದೆವು. ಆ್ಯಪಿಗೂ ಸರ್ವರಿಗೂ ನಡುವಿನ ಸಂಪರ್ಕ ನೋಡಿಕೊಳ್ಳುವ ಭಾಗ ಅಕ್ಕನದು. ಅಲ್ಲೂ ಆಕೆ ಮನೆಯ ರೀತಿಯನ್ನೇ ತುಂಬಿದ್ದಳು: ಒಮ್ಮೆ ತೆರೆದ ಸಂಪರ್ಕವನ್ನು ನಾವಾಗಿ ಮುಚ್ಚುವಂತಿಲ್ಲ.

ಸುಮ್ಮನೆ ಬಿದ್ದ ಸಂಪರ್ಕವನ್ನು ಆಚೆಯ ಸರ್ವರಿನವರು ಹೇಳದೆ ಕೇಳದೆ ಕಡಿದುಹಾಕುತ್ತಿದ್ದರು. ನಮ್ಮ ಆ್ಯಪ್ ಮಾತ್ರ ಆ ಸತ್ತ ಸಂಪರ್ಕವನ್ನೇ ಹಿಡಿದು ಉತ್ತರಕ್ಕೆ ಕಾಯುತ್ತಿತ್ತು. ತಿಳವಳ್ಳಿಯ ನರ್ಸ್ ಗಂಗವ್ವ ಒಮ್ಮೆ ಹಾವು ಕಚ್ಚಿದವನನ್ನು ಎದುರಿಗೆ ಮಲಗಿಸಿ ಆ್ಯಪ್ ಒತ್ತಿದರೆ, ತೆರೆಯ ಮೇಲೆ ಚಕ್ರ ತಿರುಗಿದ್ದೇ ತಿರುಗಿದ್ದು. ಅಲ್ಲಿ ಇಲ್ಲಿ ಫೋನ್ ಮಾಡಿ ಆಕೆಯೇ ಔಷಧ ಹುಡುಕಿದಳು. ಪುಣ್ಯಕ್ಕೆ ಆತ ಉಳಿದ. "ಇನ್ನೊಂದ ಸಲ ಹಿಂಗಾದ್ರ ನಿಮ್ಮ ಆ್ಯಪ್ ತಗದ ಒಗೀತೇನಿ ನೋಡ್ರಿ," ಎಂದು ನಮ್ಮಿಬ್ಬರನ್ನೂ ಚೆನ್ನಾಗಿ ಝಾಡಿಸಿದಳು.

ಅಕ್ಕ ಆ ದಿನ ಊಟ ಮಾಡಲಿಲ್ಲ. ಎಲ್ಲಿ ತಪ್ಪಿತೆಂದು ತಿಳಿದಾಗ, "ಎದ್ದ ಹೋದಾವ್ರ ಮುಂದ ಮಾತಾಡ್ಕೋತ ಕುಂತೇನಲ್ಲ ನಾ!" ಎಂದು ಹಣೆ ಬಡಿದುಕೊಂಡಳು.

"ಮುಚ್ರಿ ಅಕ್ಕಾ, ಪಾಪ ಬರೂದಿಲ್ಲ," ಎಂದು ನಾನು ಕಾಡಿದೆ.

ನಕ್ಕಳೇನೋ ನಿಜ. ಆದರೆ ಆ ಸಾಲುಗಳನ್ನು ಬರೆಯುವಾಗ ಆಕೆಯ ಮೋರೆ ಬೀಗರನ್ನು ಹೊರಗೆ ಕಳಿಸುವವರ ಹಾಗಿತ್ತು. ಆಚೆಯವರು ಕಡಿಯುವ ಮೊದಲೇ ನಾವು ಮುಚ್ಚಬೇಕು. ಅವಧಿ ಮುಗಿದದ್ದನ್ನು ಎಸೆಯಬೇಕು. ಬಹಳ ಹೊತ್ತು ಸುಮ್ಮನಿದ್ದದ್ದನ್ನು ಬಳಸುವ ಮುನ್ನ ಜೀವ ಇದೆಯೇ ಎಂದು ನೋಡಬೇಕು. ಎಲ್ಲವನ್ನೂ ಬರೆದು, ಒರೆಗೆ ಹಚ್ಚಿ, ಆಮೇಲೆ ಕಚೇರಿ ಬಿಟ್ಟು ಹಿರೇಕೆರೂರಿನ ಕಾಲೇಜಿಗೆ ಕಲಿಸಲು ಹೋದಳು.

ಈ ಮಳೆಗಾಲ ಗಂಗವ್ವನ ಫೋನ್ ಬಂತು. ನಾಟಿ ಗದ್ದೆಯಿಂದ ಹಾವು ಕಚ್ಚಿದ ಒಬ್ಬ ಹೆಂಗಸನ್ನು ಹೊತ್ತು ತಂದಿದ್ದರಂತೆ. ಆ್ಯಪನ್ನು ಯಾರೂ ಮುಟ್ಟದೆ ದಿನಗಳೇ ಆಗಿದ್ದವು.

"ಒತ್ತೂದ ತಡಾ, ಹಾನಗಲ್ಲಾಗ ಐತಿ ಅಂತ ತೋರಿಸ್ತ್ರಿ. ಈಗ ಆಕಿ ಎದ್ದ ಕುಂತು ಚಾ ಕುಡ್ಯಾಕತ್ತಾಳ."

"ಅಕ್ಕಾ, ಉಳದ್ಲಂತರಿ!" ಎಂದು ಪಕ್ಕಕ್ಕೆ ತಿರುಗಿ ಕೂಗಿಬಿಟ್ಟೆ. ಆ ಕುರ್ಚಿಯಲ್ಲಿ ಅಕ್ಕ ಇಲ್ಲವೆಂಬುದು ಆಮೇಲೆ ನೆನಪಾಯಿತು.