ಸುಜಾತಾಳ ಒಂಬತ್ತನೇ ಲೆವೆಲ್

ಇವತ್ತು ಬೆಳಿಗ್ಗೆ ಲ್ಯಾಪ್‌ಟಾಪ್ ತೆರೆದೆ. ಕೀಬೋರ್ಡಿನ ಮೇಲೆಲ್ಲ ನಮ್ಮ ಬೀದರಿನ ಚಿದ್ರಿ ಬಡಾವಣೆಯ ಕೆಂಪು ಧೂಳು. ಕೆಳಮುಖದ ಬಾಣದ ಕೀ ಒಂದು ಮಾತ್ರ ಸ್ವಚ್ಛವಾಗಿತ್ತು.

ಮೂರು ದಿನದಿಂದ ನಾನು ಹೆಚ್ಚಾಗಿ ಒತ್ತಿದ್ದು ಅದನ್ನೇ.

ಹೋದ ವಾರ ಸುಜಾತಾ ಫೋನ್ ಮಾಡಿದ್ದಳು. ಹದಿನೈದು ವರ್ಷದ ಮೇಲೆ. ಯಾರಿಂದಲೋ ನನ್ನ ನಂಬರ್ ಹುಡುಕಿಸಿಕೊಂಡು, ಹೈದರಾಬಾದಿನಿಂದ.

"ಏ ಸುಮ್ಮವ್ವ, ಈಗರೆ ಬಾಯಿ ಬಿಡಲಾಕ ಕಲ್ತೀ ಏನ್?" ಎಂದಳು. ನಾನು ಮಾತು ಕಡಿಮೆಯವಳೆಂದು ಅವಳೇ ಇಟ್ಟ ಹೆಸರು ಅದು. ನಾನು ನಕ್ಕೆ. ಆಮೇಲೆ ಕೇಳಿದಳು...

"ನನ್ನ ಬಾವಿ ಇನ್ನೂ ಅದ ಇಲ್ಲೊ? ಒಂಬತ್ತನೇ ಲೆವೆಲ್‌ಗಿ ಬಿಟ್ಟು ಬಂದಿದ್ದೆ ನೋಡು. 'ನಿಮ್ಮವ್ವ ಭಾಲ್ಕ್ಯಾಗ ಕಂಪ್ಯೂಟರ್ ಕಲ್ತಾಳ' ಅಂದ್ರ ನನ್ನ ಮಗಳು ನಗ್ತಾಳ. ಐತವಾರ ಕರ್ಕೊಂಡು ಬರ್ತೇನಿ. ತೋರ್ಸು ಆಕಿಗಿ."

ಹೂಂ ಅಂದುಬಿಟ್ಟೆ.

ನಾವು ಆಗ ಭಾಲ್ಕಿಯಲ್ಲಿದ್ದೆವು. ಅಪ್ಪ ಸಣ್ಣದೊಂದು ಕಂಪ್ಯೂಟರ್ ಕ್ಲಾಸ್ ನಡೆಸುತ್ತಿದ್ದರು. ಅಲ್ಲಿದ್ದ ಯಂತ್ರಗಳು ಆಗಲೇ ಹಳೆಯವು, ಅವುಗಳಲ್ಲಿ ಒಂದರಲ್ಲಿದ್ದ ಆಟ ಅವಕ್ಕಿಂತ ಹಳೆಯದು. ಒಬ್ಬ ಮನುಷ್ಯ ನೆಲ ಅಗೆಯುತ್ತ ಕೆಳಗೆ ಇಳಿಯುತ್ತಾನೆ, ತಳದಲ್ಲಿ ನೀಲಿ ಹರಳುಗಳು.

ಅವು ರತ್ನಗಳೆಂದು ನನಗೆ ಗೊತ್ತಾದದ್ದು ಮೊನ್ನೆ. ಆಗ ನಾವೆಲ್ಲ ನೀರು ಅಂದುಕೊಂಡಿದ್ದೆವು. ಹಾಗಾಗಿ ಅದು 'ಬಾವಿ ಆಟ'. ಬರದ ವರ್ಷ ಅದು, ಬೇರೆ ಏನು ತೋಚಬೇಕು ನಮಗೆ?

ಸುಜಾತಾ ಔರಾದ್ ಕಡೆಯವಳು, ಹಾಸ್ಟೆಲ್‌ನಲ್ಲಿದ್ದಳು. ಎಂಟನೇ ಕ್ಲಾಸಿನಲ್ಲಿ ನನ್ನ ಪಕ್ಕ ಕೂರುತ್ತಿದ್ದಳು. ಟೈಪಿಂಗ್‌ನಲ್ಲಿ, ಆಟದಲ್ಲಿ, ಎಲ್ಲದರಲ್ಲೂ ನನಗಿಂತ ಮುಂದೆ.

ಆ ಬೇಸಿಗೆಯಲ್ಲಿ ಒಬ್ಬೊಬ್ಬರೇ ಕ್ಲಾಸ್ ಬಿಟ್ಟರು. ಪುಣೆ, ಹೈದರಾಬಾದ್, ಕಟ್ಟಡದ ಕೆಲಸ. ಹೋಗುವವರಿಗೆ ಅಪ್ಪ ಒಂದು ನಿಯಮ ಮಾಡಿದ್ದರು. "ಆಟ ಮುಗಿಸಿ ಹೋಗಬ್ಯಾಡ್ರಿ. ಅರ್ಧಕ್ಕ ಸೇವ್ ಮಾಡ್ರಿ. ಬಂದು ಮುಗಿಸ್ರಿ."

ಸುಜಾತಾ ಒಂಬತ್ತನೇ ಲೆವೆಲ್‌ನಲ್ಲಿ ಸೇವ್ ಮಾಡಿ, ತಂದೆ ತಾಯಿಯ ಜೊತೆ ಭಾಲ್ಕಿ ಸ್ಟೇಷನ್ನಿನಲ್ಲಿ ರೈಲು ಹತ್ತಿದಳು. ಹತ್ತುವ ಮುಂಚೆ ನನ್ನ ಹಣೆಗೆ ಹಣೆ ಹಚ್ಚಿ, "ನನ್ನ ಬಾವಿ ನೋಡ್ಕೊ" ಎಂದಿದ್ದಳು.

ಆ ಆಟದಲ್ಲಿ ಸೇವ್ ಮಾಡಲು ಹತ್ತೇ ಜಾಗ. ಹತ್ತೂ ತುಂಬಿದ್ದವು, ಎಲ್ಲವೂ ಊರು ಬಿಟ್ಟವರ ಹೆಸರು.

ಎಂಟು ತಿಂಗಳಾದರೂ ಅವಳಿಂದ ಒಂದು ಫೋನ್ ಇಲ್ಲ. ನನಗೆ ಸಿಟ್ಟು ಬಂದಿತ್ತು. ಇನ್ನು ಇವಳು ಬರುವವಳಲ್ಲ ಎಂದು ನಾನೇ ತೀರ್ಮಾನಿಸಿ, ಅವಳ ಜಾಗದ ಮೇಲೆ ನನ್ನ ಆಟವನ್ನು ಸೇವ್ ಮಾಡಿದೆ. ಅವಳದು ಅಳಿಸಿಹೋಯಿತು.

ಯಾರಿಗೂ ಹೇಳಲಿಲ್ಲ.

ಅವಳ ಫೋನ್ ಬಂದ ಮರುದಿನವೇ ಅಟ್ಟದ ಮೇಲಿದ್ದ ಹಳೆಯ ಹಾರ್ಡ್ ಡಿಸ್ಕ್ ಇಳಿಸಿ ರಿಪೇರಿ ಅಂಗಡಿಗೆ ಒಯ್ದೆ. "ಮೇಡಂ, ಇದಕ್ಕ ಕಂಪ್ಯೂಟರ್ ಅಂಗಡಿ ಅಲ್ರಿ, ಕಿಲ್ಲಾದ ಮ್ಯೂಜಿಯಮ್‌ದಾಗ ಇಡ್ಲಾಕ ಕೊಡ್ರಿ" ಎಂದು ನಕ್ಕರೂ, ಅಂಗಡಿಯವರು ಎಲ್ಲವನ್ನೂ ಪೆನ್‌ಡ್ರೈವ್‌ಗೆ ಹಾಕಿಕೊಟ್ಟರು.

ನನ್ನ ಲ್ಯಾಪ್‌ಟಾಪ್ ಆಟವನ್ನು ತೆರೆಯಲೇ ಇಲ್ಲ. ಈ ಪ್ರೋಗ್ರಾಂ ಇಲ್ಲಿ ನಡೆಯದು ಎಂಬ ಒಂದೇ ಮೆಸೇಜ್.

ನೆಟ್‌ನಲ್ಲಿ ಓದಿ, ಹಳೆಯ ಕಂಪ್ಯೂಟರಿನಂತೆ ನಟಿಸುವ ಎಮ್ಯುಲೇಟರ್ ಹಾಕಿದೆ. ಆಟ ತೆರೆಯಿತು. ಆದರೆ ಆ ಆಟಕ್ಕೆ ತನ್ನದೇ ಗಡಿಯಾರವಿಲ್ಲ, ಯಂತ್ರ ಎಷ್ಟು ವೇಗವೋ ಅದೂ ಅಷ್ಟೇ ವೇಗ. ನಾನು ಕೀ ಮುಟ್ಟುವ ಮೊದಲೇ ಆ ಮನುಷ್ಯ ಗುಂಡಿಗೆ ಬಿದ್ದು ಸಾಯುತ್ತಿದ್ದ.

ವೇಗ ತಗ್ಗಿಸುತ್ತ ಬಂದೆ. ಇನ್ನೂ ತಗ್ಗಿಸಿದೆ. ಕೊನೆಗೆ ಅವನು ನಮ್ಮ ಭಾಲ್ಕಿಯ ನಡಿಗೆಯಲ್ಲಿ ನಡೆಯತೊಡಗಿದ...

ಪಟ್ಟಿಯಲ್ಲಿ ಹತ್ತು ಹೆಸರು. ಅವಳ ಜಾಗದಲ್ಲಿ ನನ್ನ ಹೆಸರು, ನಾಲ್ಕನೇ ಲೆವೆಲ್.

ಆಗ ನಾನು ಮಾಡಿದ್ದನ್ನು ಬರೆಯಲು ನಾಚಿಕೆಯಾಗುತ್ತದೆ. ಮೂರು ದಿನ ಕೂತು ಒಂಬತ್ತನೇ ಲೆವೆಲ್ ಮುಟ್ಟಿದೆ. ಅದೇ ಜಾಗದಲ್ಲಿ ಸೇವ್ ಮಾಡಿ 'ಸುಜಾತಾ' ಎಂದು ಇಂಗ್ಲಿಷ್ ಅಕ್ಷರದಲ್ಲಿ ಹೊಡೆದೆ. ಯಾರಿಗೆ ತಿಳಿಯುತ್ತದೆ?

ನಿನ್ನೆ ಸಂಜೆ ಅಪ್ಪ ಬಂದು ಹಿಂದೆ ನಿಂತರು. ಪರದೆಗೆ ಬೆರಳು ಹಚ್ಚಿ ಒಂದೊಂದೇ ಹೆಸರು ಓದಿದರು. ಇವ ಪುಣೆಕ್ಕ ಹೋದ, ಈಕಿ ತಮ್ಮಗ ಮದಿವಿ ಆಯ್ತು... ಸುಜಾತಾಳ ಹೆಸರಿನ ಹತ್ತಿರ ಬೆರಳು ನಿಂತಿತು. ಅಲ್ಲಿ ಲೆವೆಲ್‌ನ ಪಕ್ಕದಲ್ಲಿ ಉಳಿದ ಜೀವಗಳ ಲೆಕ್ಕವೂ ಇರುತ್ತದೆ.

"ಒಂದೇ ಜೀವ ಉಳದದ," ಎಂದರು. "ಆ ಹುಡುಗಿ ಒಂದ್ ಸಲನೂ ಸತ್ತಿದ್ದಿಲ್ಲವ್ವ. ಐದಕ್ಕ ಐದೂ ಇಟ್ಕೊಂಡು ಒಂಬತ್ತನೇದಕ್ಕ ಹೋಗಿದ್ದಳು. ಇಡೀ ಕ್ಲಾಸಿಗಿ ಕರದು ತೋರ್ಸಿದ್ದೆ ನಾ."

ಅಪ್ಪ ನನ್ನ ಮುಖ ನೋಡಿದರು. ಮತ್ತೇನೂ ಕೇಳದೆ ಒಳಗೆ ಹೋದರು.

ಹೈದರಾಬಾದಿಗೆ ಹೋದ ಮೇಲೆ ಕಂಪ್ಯೂಟರ್ ಮುಟ್ಟಿಯೇ ಇಲ್ಲ ಎಂದು ಸುಜಾತಾ ಫೋನಿನಲ್ಲಿ ಹೇಳಿದ್ದಳು. ಅವಳು ಕಲಿತದ್ದಕ್ಕೆ ಈ ಲೋಕದಲ್ಲಿ ಇದ್ದ ಗುರುತು ಆ ಸೇವ್ ಒಂದೇ. ಅದನ್ನು ಒಮ್ಮೆ ಸಿಟ್ಟಿನಿಂದ ಅಳಿಸಿದ್ದೆ. ಈಗ ಅದರ ಜಾಗದಲ್ಲಿ ಅವಳ ಹೆಸರಿಟ್ಟು ನನ್ನ ಕೆಟ್ಟ ಆಟವನ್ನು ಅವಳ ಮಗಳಿಗೆ ತೋರಿಸಲು ಹೊರಟಿದ್ದೆ.

ಇವತ್ತು ಬೆಳಿಗ್ಗೆ ಆ ಸೇವ್ ಅಳಿಸಿದೆ.

ಭಾನುವಾರ ಬೀದರ್ ಸ್ಟೇಷನ್ನಿಗೆ ನಾನೇ ಹೋಗುತ್ತೇನೆ. ಮನೆ ಮುಟ್ಟುವ ಮೊದಲೇ, ಸುಜಾತಾಳ ಎದುರಿಗೇ ಆ ಮಗುವಿಗೆ ಹೇಳುತ್ತೇನೆ: ನಿಮ್ಮವ್ವ ಬಾವಿ ತೋಡಿದ್ದು ಖರೆ, ಅದನ್ನು ಮುಚ್ಚಿದವಳು ನಾನು.