ಮೂಲವ್ಯಾಧಿ ಅಂತ ಹೇಳಿಬಿಟ್ಟವಳು

"ಮಗ ಪಕ್ಕದಲ್ಲೇ ನಿಂತಿದ್ದ, ದೊಡ್ಡಮ್ಮ. ಹಿಂದೆ ಬೆಂಚಿನ ಮೇಲೆ ಇಬ್ಬರು ಗಂಡಸರು. 'ಏನಮ್ಮ ತೊಂದ್ರೆ' ಅಂದ್ರು ಡಾಕ್ಟ್ರು. ಮುಟ್ಟು ನಿಂತು ಎಷ್ಟೋ ವರ್ಷ ಆದ್ಮೇಲೆ ಮತ್ತೆ ರಕ್ತ ಹೋಗ್ತಿದೆ ಅಂತ ಹೇಳ್ಬೇಕು. ದಾರಿಯುದ್ದಕ್ಕೂ ಅದನ್ನೇ ಬಾಯಿಪಾಠ ಮಾಡ್ಕೊಂಡು ಹೋಗಿದ್ದೆ. ಮಗನ ಮುಖ ನೋಡಿದೆ. 'ಮೂಲವ್ಯಾಧಿ ಸಾರ್, ರಕ್ತ ಬೀಳುತ್ತೆ' ಅಂದ್ಬಿಟ್ಟೆ. ಬೆಂಚಿನ ಮೇಲಿದ್ದವನೊಬ್ಬ 'ನಂದೂ ಅದೇ ಕಥೆ' ಅಂದ. ಡಾಕ್ಟ್ರು ನಕ್ರು, ಮಗ ನಕ್ಕ, ನಾನೂ ನಕ್ಕೆ. ಮೂಲವ್ಯಾಧೀನ ಹತ್ತು ಜನರ ಮುಂದೆ ಹೇಳ್ಬಹುದು ನೋಡಿ. ನಂದನ್ನ ಹೆಂಗೆ ಹೇಳೋದು."

ಇದನ್ನು ನನಗೆ ಹೇಳಿದವಳು, ನನ್ನನ್ನು ದೊಡ್ಡಮ್ಮ ಎಂದೇ ಕರೆಯುವ ನಮ್ಮ ಗೋಡೆಯಾಚೆಯ ಇಸ್ತ್ರಿಯವಳು. ಗಂಡ ಹೋದ ಮೇಲೆ ಮುಂದಿನ ಕೋಣೆಯಲ್ಲಿ ಮೇಜು ಹಾಕಿಕೊಂಡು, ಕೆಂಡದ ಇಸ್ತ್ರಿಪೆಟ್ಟಿಗೆ ಹಿಡಿದೇ ಮಗನನ್ನು ಓದಿಸಿದಳು. ನಮ್ಮ ಬೀದಿಯಿಂದ ಕಚೇರಿಗೆ ಹೋಗುವ ಅಂಗಿಗಳೆಲ್ಲ ಅವಳ ಕೈ ದಾಟಿಯೇ ಹೋಗುತ್ತಿದ್ದವು.

ಆ ಕ್ಲಿನಿಕ್ಕಿನಲ್ಲಿ ಹೊತ್ತು ಉಳಿಯಲೆಂದು ಮೂವರನ್ನು ಒಟ್ಟಿಗೇ ಒಳಗೆ ಬಿಡುತ್ತಾರೆ. ಸ್ಟೂಲಿನ ಮೇಲೆ ಒಬ್ಬರು, ಬೆಂಚಿನ ಮೇಲೆ ಇಬ್ಬರು. ಕೆಮ್ಮು ನೆಗಡಿಗೆ ಅದು ಸರಿಯೇ. ಡಾಕ್ಟರು ಬಾಯಿಮಾತಿಗೆ "ನೋಡ್ಬೇಕಾ" ಎಂದರು, ಇವಳು ಬೇಡವೆಂದಳು. ಅವರಿಗೂ ಅಷ್ಟೇ ಬೇಕಿತ್ತು. ಮುಲಾಮು ಬರೆದು, ಖಾರ ಬಿಡಿ ಎಂದು ಕಳಿಸಿದರು.

ಅಂದಿನಿಂದ ಮನೆಯಲ್ಲಿ ಅದೇ ತಮಾಷೆ. ಮಗ ಕೆಟ್ಟವನಲ್ಲ, ಬಾಯಿ ಮಾತ್ರ ಹರಿತ. ನಡುವೆ ತೂತಿರುವ ದಿಂಬೊಂದನ್ನು ತಂದು, "ಮಹಾರಾಣಿಯವರ ಸಿಂಹಾಸನ" ಎಂದು ಬಂದವರಿಗೆಲ್ಲ ತೋರಿಸಿದ. ಸೊಸೆ ತಟ್ಟೆಗೆ ಸಪ್ಪೆಯನ್ನೇ ಬಡಿಸುತ್ತ, "ಆಸೆಪಟ್ಟು ತಿಂದು ಆಮೇಲೆ ಕೂರಕ್ಕಾಗಲ್ಲ ಅನ್ಬೇಡಿ ಅತ್ತೆ" ಅನ್ನುತ್ತಿದ್ದಳು. ಇಲ್ಲದ ಕಾಯಿಲೆಗೆ ಪಥ್ಯ ಮಾಡುತ್ತ, ಇರುವ ಕಾಯಿಲೆಗೆ ಹಳೇ ಸೀರೆ ಹರಿದು ಕಟ್ಟಿಕೊಳ್ಳುತ್ತ ಅವಳು ವರ್ಷ ಕಳೆದಳು.

ಆಮೇಲೆ ವಾಸನೆ ಶುರುವಾಯಿತು. ಒಂದು ದಿನ ಬಟ್ಟೆ ಕೊಡಲು ಬಂದ ಟೀಚರಮ್ಮ ಮೂಗಿಗೆ ಸೆರಗು ಹಿಡಿದು, "ಎಲ್ಲೋ ಇಲಿ ಸತ್ತಿದೆ ನೋಡಮ್ಮ" ಎಂದಳು. ಇವಳು ಮೇಜಿನ ಕೆಳಗೆ ಬಗ್ಗಿ ಇಲಿ ಹುಡುಕಿದಳು. ಆ ಸಂಜೆಯೇ ನನ್ನ ಹತ್ತಿರ ಬಾಯಿ ಬಿಟ್ಟಿದ್ದು.

"ಹೆಂಗಸರ ಡಾಕ್ಟರ ಹತ್ತಿರ ಹೋಗೋಣ ನಡಿ" ಎಂದೆ.

"ಮಗನಿಗೆ ಏನಂತ ಹೇಳ್ಲಿ?"

"ಮೂಲವ್ಯಾಧಿ ಇದೆಯಲ್ಲ, ಅದನ್ನೇ ಹೇಳು."

ಅಂಥಾ ಹೊತ್ತಿನಲ್ಲೂ ನಕ್ಕಳು.

ದೊಡ್ಡಾಸ್ಪತ್ರೆಯ ಡಾಕ್ಟರಮ್ಮ ಬಾಗಿಲು ಹಾಕಿಸಿ ಪರದೆ ಎಳೆದರು. ನಾನು ಮೊಣಕೈಯಲ್ಲಿ ತಿವಿದೆ. ಇವಳು ಗೋಡೆ ನೋಡುತ್ತ ಶುರುಮಾಡಿದಳು. ರಕ್ತ ಎಲ್ಲಿಂದ, ಯಾವಾಗಿನಿಂದ, ಬಿಳಿ ಹೋಗುವುದು, ವಾಸನೆ, ಸೊಂಟದ ಸೆಳೆತ. ಒಮ್ಮೆ ಬಾಯಿ ತೆರೆದ ಮೇಲೆ ನಿಲ್ಲಲೇ ಇಲ್ಲ. ಪರೀಕ್ಷೆ ಮುಗಿಸಿದ ಡಾಕ್ಟರಮ್ಮ ಕೈಗವಸು ಕಳಚಿ ಬುಟ್ಟಿಗೆ ಎಸೆದರು.

"ಇಷ್ಟು ದಿನ ಬಾಯಲ್ಲಿ ಏನಿಟ್ಕೊಂಡಿದ್ರಿ?"

"ಮಗ ಜೊತೇಲಿದ್ದ, ತಾಯಿ."

"ಅವನು ಈ ಲೋಕಕ್ಕೆ ಬಂದಿದ್ದೂ ಆ ದಾರೀಲೇ ಅಲ್ವೇನ್ರಿ."

ಇವಳು ತಲೆ ತಗ್ಗಿಸಿ ಸೀರೆ ಸರಿಮಾಡಿಕೊಂಡಳು.

ಒಳಗಿನಿಂದ ಒಂದು ಚೂರು ಮಾಂಸ ತೆಗೆದು ಪರೀಕ್ಷೆಗೆ ಕಳಿಸಿದರು. ಉತ್ತರ ಬಂದ ದಿನ ಮಗನನ್ನೂ ಕರೆಸಿದರು. ಗರ್ಭಕೋಶದ ಬಾಯಿಯ ಕ್ಯಾನ್ಸರು, ಮೂತ್ರಕೋಶಕ್ಕೂ ಹಬ್ಬಿದೆ. ಆಪರೇಷನ್ ಮಾಡುವ ಹಂತ ದಾಟಿದೆ. ವಿಕಿರಣದ ಕರೆಂಟು ಕೊಟ್ಟರೆ ಒಂದಷ್ಟು ದಿನ ತಳ್ಳಬಹುದು. "ಮೊದಲು ರಕ್ತ ಕಂಡಾಗಲೇ ಬಂದಿದ್ರೆ ವಾಸಿಯಾಗೋ ಆಸೆ ಇತ್ತು" ಎಂದು ಡಾಕ್ಟರಮ್ಮ ಅವಳ ಎದುರಿಗೇ ಹೇಳಿದರು.

ಮಗ ಮನೆಗೆ ಬಂದವನೇ ಗೋಡೆಗೆ ಒರಗಿ, "ನಂಗೊಂದು ಮಾತು ಹೇಳಕ್ಕೆ ಏನಾಗಿತ್ತಮ್ಮ ನಿಂಗೆ" ಎಂದು ಅತ್ತ. ಅತ್ತು ಮುಗಿದ ಮೇಲೆ ಮುಖ ತೊಳೆದುಕೊಂಡು ಬಂದು ತಗ್ಗಿದ ದನಿಯಲ್ಲಿ ಹೇಳಿದ.

"ಹೊರಗಡೆ ಯಾರಿಗೂ ಇದನ್ನ ಹೇಳೋದು ಬೇಡ. ಕಾಯಿಲೆ ಬಂದಿರೋ ಜಾಗ ಅಂಥದ್ದು. ಮೂಲವ್ಯಾಧಿ ಅಂತಲೇ ಇರ್ಲಿ."

"ಹೇಳ್ತೀನಿ ಕಣೋ. ನನ್ನ ನೋಡಿ ಇನ್ನೊಬ್ಬಳಾದ್ರೂ ಬೇಗ ಹೋಗ್ಲಿ."

"ನಾಳೆ ನಾನು ಈ ಬೀದೀಲಿ ತಲೆ ಎತ್ಕೊಂಡು ಓಡಾಡೋದು ಬೇಡ್ವಾ?"

ಸೊಸೆ ಒಳಗೆ ಹೋಗಿ ಪಾತ್ರೆ ಸದ್ದು ಮಾಡಿದಳು.

ಮಾರನೆಯ ಬೆಳಿಗ್ಗೆ ಟೀಚರಮ್ಮ ಬಟ್ಟೆಗಂಟು ಹಿಡಿದು ಬಂದಳು. "ದೊಡ್ಡಾಸ್ಪತ್ರೆಗೆ ಹೋಗಿದ್ರಂತೆ, ಏನಂದ್ರು?"

ಇಸ್ತ್ರಿಯವಳು ಬಾಯಿ ತೆರೆದಳು. ಒಳಗಿನಿಂದ ಮಗನ ದನಿ ಮೊದಲು ಬಂತು. "ಅದೇ ಟೀಚರ್, ಮೂಲವ್ಯಾಧಿ. ಸ್ವಲ್ಪ ಜಾಸ್ತಿಯಾಗಿದೆ."

"ಅಯ್ಯೋ ಅಷ್ಟೇನಾ. ಬಿಸಿನೀರಲ್ಲಿ ಕೂತ್ಕೊಳಮ್ಮ, ತಾನೇ ಕಡಿಮೆಯಾಗುತ್ತೆ" ಎಂದಳು ಟೀಚರಮ್ಮ, ಬಾಗಿಲಾಚೆಯೇ ನಿಂತು.

"ಹೂಂ" ಎಂದಳು ಇವಳು. ಗಂಟು ಬಿಚ್ಚಿ ಮೇಲಿನ ಅಂಗಿಯನ್ನು ಮೇಜಿನ ಮೇಲೆ ಹರಡಿದಳು. ನೀರು ಚಿಮುಕಿಸಿ, ಕೆಂಡದ ಮೇಲಿನ ಬೂದಿ ಊದಿ, ಕಾಲರಿನಿಂದ ಶುರುಮಾಡಿದಳು.